ಮೂಳೆ ಜೋಡಿಸುವ ಮುದುಕಿ: ಕೇರಿಯಿಂದ ಒಂದು ಓದು

ಒಂದು

ಬೆಂಗಳೂರಿನಲ್ಲಿ ಪುಟ್ಟೇನಹಳ್ಳಿ ಎರಡಿವೆ. ಯಲಹಂಕದ ಕಡೆಯದು ಹಕ್ಕಿಗಳಿಗೆ ಹೆಸರುವಾಸಿ. ನಾನು ಹೇಳುತ್ತಿರುವುದು ಜೆ.ಪಿ. ನಗರ ಏಳನೇ ಹಂತದ ಪುಟ್ಟೇನಹಳ್ಳಿ. ಇಲ್ಲಿ 13 ಎಕರೆ ಚಿಲ್ಲರೆಯ ಒಂದು ಕೆರೆ ಇದೆ. ಹಾಳುಬಿದ್ದಿದ್ದ ಅದನ್ನು 2010ರಿಂದ ಈಚೆಗೆ ಸುತ್ತಲ ನಿವಾಸಿಗಳೇ ಟ್ರಸ್ಟು ಕಟ್ಟಿಕೊಂಡು ಉಳಿಸಿಕೊಂಡರು. ಒಂದು ಕಡೆ ಎತ್ತರದ ಅಪಾರ್ಟ್‌ಮೆಂಟುಗಳು, ಇನ್ನೊಂದು ಕಡೆ ತಗಡಿನ ಸೂರುಗಳು. ತಗಡಿನ ಕಡೆಯಿಂದ ಹೆಂಗಸರು ಬೆಳಿಗ್ಗೆಯೇ ಮನೆಗೆಲಸಕ್ಕೆ ಹೊರಡುತ್ತಾರೆ. ಅಪಾರ್ಟ್‌ಮೆಂಟಿನ ಕಡೆಯಿಂದ ಹಳೇ ಬಟ್ಟೆ, ಮಿಕ್ಕ ತಿಂಡಿ, ಓದಿ ಬಿಟ್ಟ ಪುಸ್ತಕ ಬರುತ್ತವೆ.

ಹಾಗೆ ಬಂದ ಒಂದು ಪುಸ್ತಕದ ಬಗ್ಗೆ ಈ ಬರಹ. ಅಮೆರಿಕದ ಕ್ಯಾಟ್ ಲೇ ಎಂಬ ಲೇಖಕಿ ತಾನೇ ಬರೆದು ತಾನೇ ಚಿತ್ರ ಬಿಡಿಸಿ 2020ರಲ್ಲಿ ಹೊರತಂದ 'ಸ್ನ್ಯಾಪ್‌ಡ್ರ್ಯಾಗನ್'. ಮಕ್ಕಳಿಗೆಂದು ಮಾಡಿದ ಚಿತ್ರಕಾದಂಬರಿ. ಸ್ನ್ಯಾಪ್‌ಡ್ರ್ಯಾಗನ್ ಅನ್ನೋದು ಒಂದು ಹೂವಿನ ಹೆಸರು. ಹೂವು ಒಣಗಿದ ಮೇಲೆ ಅದರ ಬೀಜದ ಕಾಯಿ ನೋಡಲು ಪುಟ್ಟ ತಲೆಬುರುಡೆಯ ಹಾಗೇ ಇರುತ್ತದೆ. ಕಥೆಯ ಹುಡುಗಿಯ ಹೆಸರೂ ಅದೇ, ಎಲ್ಲರೂ ಕರೆಯೋದು ಸ್ನ್ಯಾಪ್ ಅಂತ.

ಭಾನುವಾರ ನಾವು ಒಂದಷ್ಟು ಮಕ್ಕಳನ್ನು ಕೂಡಿಸಿಕೊಂಡು ಬಾಬಾಸಾಹೇಬರ ಪಟ ಇರುವ ಒಂದು ಸಣ್ಣ ಕೋಣೆಯಲ್ಲಿ ಓದಿಸುತ್ತೇವೆ. ಎಂಟನೇ ತರಗತಿಯ ಒಬ್ಬ ಹುಡುಗಿ ಇದನ್ನು ತಂದಳು. ಅವಳ ಅವ್ವ ಕೆಲಸ ಮಾಡುವ ಮನೆಯವರು ರದ್ದಿಗೆ ಹಾಕುವ ಮುಂಚೆ ಕೊಟ್ಟಿದ್ದಂತೆ. ಇಂಗ್ಲಿಷು ಮಕ್ಕಳಿಗೆ ಅಷ್ಟಕ್ಕಷ್ಟೆ, ಆದರೆ ಚಿತ್ರಕ್ಕೆ ಭಾಷೆಯ ಹಂಗಿಲ್ಲ. ನಾನು ಅರ್ಥ ಹೇಳುವ ಮುಂಚೆಯೇ ಅವರು ಅರ್ಧ ಪುಸ್ತಕ ಓದಿ ಮುಗಿಸಿದ್ದರು.

ಕಥೆ ಹೀಗಿದೆ. ಊರಿನಲ್ಲಿ ಒಬ್ಬಳು ಮಾಟಗಾತಿ ಇದ್ದಾಳೆ ಎಂದು ಮಕ್ಕಳೆಲ್ಲ ನಂಬಿದ್ದಾರೆ. ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಪ್ರಾಣಿಗಳನ್ನು ಅವಳು ತಿನ್ನುತ್ತಾಳಂತೆ. ತನ್ನ ನಾಯಿಯನ್ನು ಹುಡುಕಿಕೊಂಡು ಸ್ನ್ಯಾಪ್ ಧೈರ್ಯಮಾಡಿ ಅವಳ ಮನೆಗೆ ಹೋಗುತ್ತಾಳೆ. ನೋಡಿದರೆ ಜ್ಯಾಕ್ಸ್ ಎಂಬ ಆ ಮುದುಕಿ ಗಾಯಗೊಂಡಿದ್ದ ನಾಯಿಗೆ ಪಟ್ಟಿಕಟ್ಟಿ ಉಳಿಸಿದ್ದಾಳೆ. ಅವಳ ಕಸುಬೇ ಬೇರೆ. ಸತ್ತ ಪ್ರಾಣಿಗಳನ್ನು ರಸ್ತೆಯಿಂದ ಎತ್ತಿಕೊಂಡು ಹೋಗುತ್ತಾಳೆ, ಮೂಳೆ ಬಿಡಿಸಿ ಶುಚಿಮಾಡುತ್ತಾಳೆ, ಒಂದೊಂದನ್ನೂ ಜೋಡಿಸಿ ಅಸ್ಥಿಪಂಜರ ನಿಲ್ಲಿಸಿ ಇಂಟರ್‌ನೆಟ್ಟಿನಲ್ಲಿ ಮಾರುತ್ತಾಳೆ. ತಾಯಿ ಸತ್ತು ತಬ್ಬಲಿಯಾದ ಕಾಡುಮರಿಗಳನ್ನು ಸಾಕುವುದನ್ನು ಸ್ನ್ಯಾಪ್ ಅವಳಿಂದ ಕಲಿಯುತ್ತಾಳೆ, ಬದಲಿಗೆ ಮೂಳೆಯ ಕೆಲಸಕ್ಕೆ ಕೈಜೋಡಿಸುತ್ತಾಳೆ. ಆಮೇಲೆ ನಿಜವಾದ ಮಾಟವೂ ಬರುತ್ತದೆ, ಆತ್ಮಗಳೂ ಬರುತ್ತವೆ. ಮುದುಕಿಗೂ ಸ್ನ್ಯಾಪ್‌ಳ ಅಜ್ಜಿಗೂ ಹಿಂದೆ ಪ್ರೀತಿಯಿತ್ತೆಂಬುದೂ ಹೊರಬೀಳುತ್ತದೆ.

ಮುದುಕಿ ಸತ್ತ ಪ್ರಾಣಿಯನ್ನು ಎತ್ತುವ ಪುಟ ಬಂದಾಗ ಆ ಹುಡುಗಿ ಅಂದಳು: "ನಮ್ಮಪ್ಪನೂ ಎತ್ತುತ್ತಾನಲ್ಲಣ್ಣ. ರಸ್ತೇಲಿ ನಾಯಿ ಸತ್ತರೆ ಅವನನ್ನೇ ಕರೀತಾರೆ. ಅವನಿಗೆ ಯಾರೂ ಮಾಟಗಾರ ಅನ್ನಲ್ಲ. ಬೇರೆ ಏನೋ ಅಂತಾರೆ."

ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಕೇಳಿದಳು: "ಈ ಮೂಳೆಗೆ ದುಡ್ಡು ಕೊಡ್ತಾರಾ? ನಮ್ಮಪ್ಪನ ಹತ್ರಾನೂ ತಗೋತಾರಾ?"

ವಿಮರ್ಶೆ ಶುರುವಾಗಬೇಕಾದದ್ದು ಇಲ್ಲಿಂದ ಎಂದು ನನಗೆ ಅನ್ನಿಸಿತು. ಅವಳ ಈ ಎರಡು ಮಾತಿನ ಮುಂದೆ ನಮ್ಮ ಆಶಯ, ಆಕೃತಿ, ಸಂವೇದನೆಗಳೆಲ್ಲ ಉತ್ತರ ಹೇಳಬೇಕು.

ಎರಡು

ಕನ್ನಡದ ಮಕ್ಕಳಿಗೆ ಮಾಟಗಾತಿಯ ಮುಖ ಎಲ್ಲಿಂದ ಬಂತು? ನಮ್ಮಲ್ಲಿ ಮಾಟ ಇತ್ತು, ಮದ್ದು ಇತ್ತು, ಬಾನಾಮತಿ ಇತ್ತು. ಆದರೆ ಚೂಪು ಟೋಪಿ, ಕೊಕ್ಕೆ ಮೂಗು, ಪೊರಕೆ ಹತ್ತಿ ಹಾರುವ ಹೆಂಗಸು ಇರಲಿಲ್ಲ. ಅವಳು ಬಂದದ್ದು ಅಚ್ಚಿನಲ್ಲಿ. ಅಮರ ಚಿತ್ರಕಥೆಯ ಯೋಚನೆ 1965ರಲ್ಲಿ ಮೊಳೆತದ್ದು ಬೆಂಗಳೂರಿನಲ್ಲಿ, ಐಬಿಎಚ್‌ನ ಜಿ.ಕೆ. ಅನಂತರಾಮ್ ಅವರಿಂದ, ಮೊದಲು ಬಂದದ್ದು ಕನ್ನಡದಲ್ಲಿ ಎಂಬುದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಮಾಲೆಯ ಮೊದಲ ಹತ್ತು ಸಂಖ್ಯೆಗಳು ಸಿಂಡ್ರೆಲಾ, ಸ್ನೋ ವೈಟ್ ಮುಂತಾದ ಪಶ್ಚಿಮದ ಕಥೆಗಳು. ಹನ್ನೊಂದನೆಯದು 'ಕೃಷ್ಣ'. ಅಂದರೆ ಮೊದಲು ಅವರ ಮಾಟಗಾತಿ ಬಂದಳು, ಹಿಂದೆಯೇ ನಮ್ಮ ಪುರಾಣದ ರಾಕ್ಷಸಿ ಬಂದಳು. ಇಬ್ಬರಿಗೂ ಬಳಿದ ಬಣ್ಣ ಮಾತ್ರ ಹೆಚ್ಚುಕಡಿಮೆ ಒಂದೇ. ಒಳ್ಳೆಯವರು ಬೆಳ್ಳಗೆ, ಕೆಟ್ಟವರು ಕಪ್ಪಗೆ, ದಪ್ಪ ತುಟಿಯವರು, ಕೆದರಿದ ಕೂದಲಿನವರು. ಕೇರಿಯ ಮಗು ಆ ಪುಟಗಳಲ್ಲಿ ತನ್ನ ಅವ್ವನ ಮುಖ ಹುಡುಕಿದರೆ ಅದು ಸಿಗುತ್ತಿದ್ದದ್ದು ರಾಕ್ಷಸಿಯರ ಗುಂಪಿನಲ್ಲಿ.

ಇನ್ನೊಂದು ಚಿತ್ರ ನೋಡಿ. ಈಗ ನಿಂತುಹೋಗಿರುವ 'ಚಂದಮಾಮ' 1949ರಿಂದ ಕನ್ನಡದಲ್ಲಿ ಬರುತ್ತಿತ್ತು. ಅದರಲ್ಲಿ ಶಂಕರ್ ಬರೆದ ವಿಕ್ರಮ-ಬೇತಾಳದ ಚಿತ್ರ ನಮ್ಮ ತಲೆಮಾರಿನವರ ಕಣ್ಣಿನಲ್ಲಿ ಅಚ್ಚಾಗಿ ಕೂತಿದೆ. ಸ್ಮಶಾನದ ಕತ್ತಲು, ಕೈಯಲ್ಲಿ ಖಡ್ಗ, ಹೆಗಲ ಮೇಲೆ ಹೆಣ. ಆ ರಾಜ ಎಂಥ ಧೀರ ಎಂದು ಮೈ ನವಿರೇಳುತ್ತಿತ್ತು. ರಾಜ ಹೆಣ ಹೊತ್ತರೆ ಅದು ಸಾಹಸ, ಕಥೆ. ಅದೇ ಕೇರಿಯವನು ಹೊತ್ತರೆ ಅದು ಮೈಲಿಗೆ. ಒಂದೇ ಹೆಣ, ಒಂದೇ ಭಾರ. ಹೊತ್ತ ಹೆಗಲು ಯಾರದ್ದು ಅನ್ನುವುದರ ಮೇಲೆ ಕನ್ನಡದಲ್ಲಿ ಅದ್ಭುತರಸವೋ ಬೀಭತ್ಸವೋ ತೀರ್ಮಾನವಾಗುತ್ತದೆ. ರಸ ಎಂಬುದಕ್ಕೂ ಜಾತಿ ಇದೆ ಎಂದು ಇದಕ್ಕಿಂತ ಸರಳವಾಗಿ ಹೇಳಲು ನನಗೆ ಬರುವುದಿಲ್ಲ.

ನಮ್ಮ ಅಜ್ಜಿ ಸೂಲಗಿತ್ತಿಯಾಗಿದ್ದವಳು. ಮೇಲುಕೇರಿಯ ಹೆಂಗಸರಿಗೆ ನೋವು ಬಂದರೆ ರಾತ್ರಿ ಹಿತ್ತಲ ಬಾಗಿಲಿನಿಂದ ಕರೆಸಿಕೊಳ್ಳುತ್ತಿದ್ದರು. ಮಗುವನ್ನು ಮೊದಲು ಮುಟ್ಟುವ ಕೈ ಅವಳದ್ದು. ಹಗಲಲ್ಲಿ ಅದೇ ಬೀದಿಯಲ್ಲಿ ಹೋದರೆ ಕೂಸುಗಳನ್ನು ಸೆರಗಿನೊಳಗೆ ಮುಚ್ಚಿಕೊಳ್ಳುತ್ತಿದ್ದರು. ಅವಳ ಕಣ್ಣು ಕೆಟ್ಟದ್ದಂತೆ. ಒಮ್ಮೆ ಯಾರದೋ ಕೂಸು ತೀರಿಕೊಂಡಾಗ ಮೂರು ದಿನ ಅವಳು ಮನೆಯಿಂದ ಆಚೆ ಬರಲಿಲ್ಲ. ಏನಾಯಿತವ್ವ ಎಂದರೆ "ಮಾತು ಹುಟ್ಟೈತೆ ಕಣ್ಲಾ, ಅದು ಸಾಯೋಗಂಟ ಸುಮ್ನಿರಬೇಕು" ಎಂದಳು. ಮಾತು ಹುಟ್ಟುವುದು ಹೇಗೆ, ಅದು ಎಷ್ಟು ದಿನ ಬದುಕುತ್ತದೆ ಎಂಬುದು ಅವಳಿಗೆ ಗೊತ್ತಿತ್ತು. ಸ್ನ್ಯಾಪ್ ಮೊದಲ ಬಾರಿ ಜ್ಯಾಕ್ಸ್‌ಳ ಮನೆಗೆ ಹೋಗುವ ಪುಟ ನೋಡುವಾಗ ನಾನು ನೆನೆದದ್ದು ಆ ಮೂರು ದಿನವನ್ನು.

ಮೂರು

ದಲಿತ ಚಳವಳಿ ಮಾಟಮಂತ್ರವನ್ನು ಒಪ್ಪಿದ್ದಿಲ್ಲ. ಒಪ್ಪಬಾರದು ಕೂಡ. 1956ರ ನಾಗಪುರದ ಪ್ರತಿಜ್ಞೆಗಳನ್ನು ಓದಿದ ಯಾರಿಗಾದರೂ ಇದು ಗೊತ್ತು. ನಾವು ವಿದ್ಯಾರ್ಥಿಗಳಾಗಿದ್ದಾಗ ಇಂಥ ಪುಸ್ತಕ ಕೈಗೆ ಸಿಕ್ಕಿದ್ದರೆ ಮೂಢನಂಬಿಕೆ ಎಂದು ಪಕ್ಕಕ್ಕೆ ಎಸೆಯುತ್ತಿದ್ದೆವು. ನಮ್ಮ ಭಾನುವಾರದ ತರಗತಿಗೆ ಬರುವ ಗೆಳೆಯರೊಬ್ಬರು ಈಗಲೂ ಹಾಗೇ ಅಂದರು: "ಮಕ್ಕಳಿಗೆ ವಿಜ್ಞಾನ ಹೇಳಿಕೊಡ್ರೀ, ದೆವ್ವ ಯಾಕೆ?"

ಅವರ ಮಾತನ್ನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ನಮ್ಮ ಲೇಖಕರು ಏನು ಮಾಡಿದರು ಎಂದೂ ನೋಡಬೇಕು. ಸಿದ್ಧಲಿಂಗಯ್ಯನವರು ಕ್ರಾಂತಿಯ ಹಾಡು ಬರೆದ ಕೈಯಲ್ಲೇ 'ಅವತಾರಗಳು' ಬರೆದರು. ಮೈಮೇಲೆ ದೇವರು ಬಂದವರು ಊರಿನ ದೊಡ್ಡವರನ್ನು ಬೈಯುವ, ಗದರಿಸುವ, ಪಂಚಾಯಿತಿ ಮಾಡುವ ಪ್ರಸಂಗಗಳನ್ನು ನಗುತ್ತಲೇ ಹೇಳಿದರು. ನಂಬಿಯೂ ಅಲ್ಲ, ಗೇಲಿಯೂ ಅಲ್ಲ. ಮಾತಾಡುವ ಹಕ್ಕಿಲ್ಲದವರಿಗೆ ದೇವರು ಒಂದು ನಾಲಿಗೆಯಾಗಿ ಒದಗಿದ್ದನ್ನು ಅವರು ಕಂಡರು. ದೇವನೂರರ 'ಕುಸುಮಬಾಲೆ'ಯಲ್ಲಿ ಊರೆಲ್ಲ ಮಲಗಿದ ಮೇಲೆ ಜೋತಮ್ಮಗಳು ಸೇರಿ ಮನೆಮನೆಯ ಗುಟ್ಟು ಮಾತಾಡಿಕೊಳ್ಳುತ್ತವೆ. ಕೊಲೆಯನ್ನು ಮನುಷ್ಯರು ಮುಚ್ಚಿಟ್ಟ ಊರಿನಲ್ಲಿ ದೀಪ ಮಾತಾಡಲೇಬೇಕಾಗುತ್ತದೆ. ಇದನ್ನು ಮೂಢನಂಬಿಕೆ ಎಂದು ಯಾರು ಕರೆದಾರು? ಸಾಕ್ಷಿ ಹೇಳುವವರಿಲ್ಲದ ಕಡೆ ಅದ್ಭುತವೇ ಸಾಕ್ಷಿ ಹೇಳುತ್ತದೆ.

ಇನ್ನೂ ಹಿಂದಕ್ಕೆ ಹೋದರೆ ರಾಘವಾಂಕ. ಹರಿಶ್ಚಂದ್ರನನ್ನು ಕೆಡಿಸಲೆಂದು ವಿಶ್ವಾಮಿತ್ರ ತನ್ನ ಸಿಟ್ಟಿನಿಂದ ಹುಟ್ಟಿಸಿದ ಇಬ್ಬರು ಕನ್ನೆಯರು ಹೊಲತಿಯರು. ಮಂತ್ರದಿಂದ ಹುಟ್ಟಿದ ಹುಡುಗಿಯರು. ಕನ್ನಡ ಕಾವ್ಯದಲ್ಲಿ ಎಳೆಯ ಮಾಟಗಾತಿಯರು ಯಾರಾದರೂ ಇದ್ದರೆ ಇವರೇ. ಅವರ ಹಾಡಿಗೆ ರಾಜ ಮೆಚ್ಚುತ್ತಾನೆ, ಮದುವೆಯಾಗು ಅಂದರೆ ಕುಲ ಕೇಳುತ್ತಾನೆ. ಆಗ ಅವರು ಕೇಳುವ ಪ್ರಶ್ನೆ ಇವತ್ತಿಗೂ ಹಳತಾಗಿಲ್ಲ. ಹಾಡು ಕೇಳಿದ ಕಿವಿಗೆ ತಾಗದ ಹೊಲೆ, ರೂಪ ನೋಡಿದ ಕಣ್ಣಿಗೆ ತಾಗದ ಹೊಲೆ, ಮೈ ಮುಟ್ಟಿದರೆ ಮಾತ್ರ ಹೇಗೆ ತಾಗುತ್ತದೆ ಎಂಬ ತರ್ಕ ಅವರದ್ದು. ರಾಜನ ಬಳಿ ಉತ್ತರ ಇಲ್ಲ, ಚಾವಟಿ ಇದೆ. ಸತ್ಯಕ್ಕೆ ಹೆಸರಾದ ಕಾವ್ಯದಲ್ಲಿ ಅತ್ಯಂತ ಸತ್ಯವಾದ ಮಾತು ಆಡಿದವರು ಈ ಮಾಯದ ಹುಡುಗಿಯರು. ಕವಿ ಅವರನ್ನು ಮಾಯೆ ಎಂದು ಮಾಡಿದ್ದರಿಂದಲೇ ಆ ಮಾತು ಕಾವ್ಯದೊಳಗೆ ಬರಲು ಸಾಧ್ಯವಾಯಿತೇನೋ. ಅದೇ ಕಾವ್ಯದಲ್ಲಿ ಮುಂದೆ ಚಂದ್ರಮತಿಯ ಮೇಲೆ ಮಗು ಕೊಂದವಳೆಂಬ ಆರೋಪ ಬರುತ್ತದೆ. ರಾಣಿಯೂ ದಿಕ್ಕಿಲ್ಲದೆ ಸ್ಮಶಾನಕ್ಕೆ ಬಂದರೆ ಶಿಶುಹಂತಕಿ ಆಗಲು ಒಂದು ರಾತ್ರಿ ಸಾಕು.

ತೊಂಬತ್ತರ ದಶಕದಲ್ಲಿ ಬೆಂಗಳೂರೂ ಸೇರಿದಂತೆ ಎಷ್ಟೋ ಊರಿನ ಬಾಗಿಲುಗಳ ಮೇಲೆ "ನಾಳೆ ಬಾ" ಎಂದು ಬರೆದಿರುತ್ತಿದ್ದದ್ದು ಹಲವರಿಗೆ ನೆನಪಿರಬಹುದು. ರಾತ್ರಿ ಹೆಣ್ಣುದೆವ್ವ ಬಂದು ಬೇಕಾದವರ ದನಿಯಲ್ಲೇ ಕರೆಯುತ್ತದೆ, ಬಾಗಿಲು ತೆಗೆದರೆ ಸಾವು. ಬರಹ ಕಂಡರೆ ಹೋಗಿ ಮರುದಿನ ಬರುತ್ತದೆ, ಮತ್ತೆ ಓದಿ ಮತ್ತೆ ಹೋಗುತ್ತದೆ. ಆ ದೆವ್ವಕ್ಕೆ ಕನ್ನಡ ಓದಲು ಬರುತ್ತಿತ್ತು. ನಮ್ಮ ಅಜ್ಜಿಗೆ ಬರುತ್ತಿರಲಿಲ್ಲ. ಹಿತ್ತಲ ಬಾಗಿಲಿಗೆ ಬಾ ಅಂದಾಗ ಹೋಗಿ, ನಾಳೆ ಬಾ ಅಂದಾಗ ವಾಪಸು ಬಂದವರು ನಮ್ಮವರು. ಕೂಲಿಗೆ ನಾಳೆ, ಪಟ್ಟಾಕ್ಕೆ ನಾಳೆ, ರೇಷನ್ ಕಾರ್ಡಿಗೆ ನಾಳೆ. ಆ ಎರಡು ಪದ ಓದಿದಾಗ ನನಗೆ ದೆವ್ವದ ಮೇಲೆ ಹೆದರಿಕೆಗಿಂತ ಕನಿಕರ ಹೆಚ್ಚಾಗುತ್ತಿತ್ತು.

ನಾಲ್ಕು

ಈಗ ಪುಸ್ತಕಕ್ಕೆ ಮರಳೋಣ. 'ಸ್ನ್ಯಾಪ್‌ಡ್ರ್ಯಾಗನ್' ನನಗೆ ಹಿಡಿಸಿದ್ದು ಯಾಕೆಂದರೆ ಅದರಲ್ಲಿ ಹೆದರಿಕೆ ಕರಗುವುದು ಉಪದೇಶದಿಂದಲ್ಲ, ಕೆಲಸದಿಂದ. ಮುದುಕಿಯ ಪಕ್ಕ ಕೂತು ಮೂಳೆ ತೊಳೆಯುತ್ತ ತೊಳೆಯುತ್ತ ಹುಡುಗಿಗೆ ಅವಳು ಮನುಷ್ಯಳಾಗುತ್ತಾಳೆ. ಲೇಖಕಿ ಕಸುಬನ್ನು ಸಾವಧಾನವಾಗಿ ಬಿಡಿಸುತ್ತಾಳೆ. ಅಸಹ್ಯ ಎಂದು ಮುಖ ತಿರುಗಿಸುವುದಿಲ್ಲ. ಗುರು ಇಲ್ಲಿ ಕುಲದವಳಲ್ಲ, ಹೊರಗಿನವಳು. ಏಕಲವ್ಯನ ಕಥೆ ಓದಿ ಬೆಳೆದ ನಮ್ಮ ಮಕ್ಕಳಿಗೆ ಬೆರಳು ಕೇಳದ ಗುರು ಸಿಗುವುದು ಸಣ್ಣ ಸಂಗತಿಯಲ್ಲ. ಸ್ನ್ಯಾಪ್‌ಳ ಅಮ್ಮ ಒಂಟಿಯಾಗಿ ದುಡಿಯುತ್ತ ಓದುತ್ತ ಮಗಳನ್ನು ಸಾಕುತ್ತಾಳೆ. ಹುಡುಗನಾಗಿ ಹುಟ್ಟಿ ಹುಡುಗಿಯಾಗಿ ಬದುಕಲು ಹೊರಟ ಲೂಲು ಸ್ನ್ಯಾಪ್‌ಳ ಗೆಳತಿ. ಇವರೆಲ್ಲ ಊರಿನ ಅಂಚಿನ ಜನ. ಪುಟ್ಟೇನಹಳ್ಳಿಯ ನಮ್ಮ ಮಕ್ಕಳು ಇವರನ್ನು ಗುರುತಿಸಲು ಅರ್ಧ ನಿಮಿಷವೂ ತೆಗೆದುಕೊಳ್ಳಲಿಲ್ಲ.

ಆದರೂ ಎರಡು ತಕರಾರಿವೆ.

ಮೊದಲನೆಯದು ಆ ಹುಡುಗಿಯ ಎರಡನೇ ಪ್ರಶ್ನೆಯೇ. ಜ್ಯಾಕ್ಸ್ ಸತ್ತ ಪ್ರಾಣಿಯನ್ನು ಎತ್ತುವುದು ತಾನಾಗಿ ಆರಿಸಿಕೊಂಡ ಕಸುಬು. ಬೇಡವೆಂದರೆ ನಾಳೆ ಬಿಡಬಹುದು. ಅವಳ ಮಕ್ಕಳಿಗೆ, ಮೊಮ್ಮಕ್ಕಳಿಗೆ ಆ ಕಸುಬು ಅಂಟಿಕೊಳ್ಳುವುದಿಲ್ಲ. ನಮ್ಮಲ್ಲಿ ಸತ್ತ ದನ ಎತ್ತುವುದು ಆಯ್ಕೆಯಾಗಿರಲಿಲ್ಲ. ಅದಕ್ಕೇ ಅಂಬೇಡ್ಕರ್ ಸತ್ತ ದನ ಎಳೆಯಬೇಡಿ, ಅದರ ಮಾಂಸ ತಿನ್ನಬೇಡಿ ಎಂದು ಜನರಿಗೆ ಹೇಳಿದರು. ಎತ್ತಿದರೂ ಹೊಡೆತ ತಪ್ಪುವುದಿಲ್ಲ ಎಂಬುದನ್ನು 2016ರ ಜುಲೈ 11ರಂದು ಗುಜರಾತಿನ ಊನಾದ ಬಳಿ ಮೋಟಾ ಸಮಢಿಯಾಳ ಗ್ರಾಮದವರ ಬೆನ್ನು ತೋರಿಸಿತು. ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದವರನ್ನು ಕಟ್ಟಿ ಹೊಡೆದರು. ಅದಾದ ಮೇಲೆ ಗುಜರಾತಿನ ದಲಿತರು ಸತ್ತ ದನ ಎತ್ತುವುದಿಲ್ಲ ಎಂದು ನಿಂತರು, ಸುರೇಂದ್ರನಗರದಲ್ಲಿ ಜಿಲ್ಲಾಧಿಕಾರಿ ಕಚೇರಿಯ ಮುಂದೆ ದನದ ಹೆಣಗಳನ್ನು ತಂದು ಸುರಿದರು. ಎತ್ತುವುದಿಲ್ಲ ಎಂಬ ಆ ನಿರಾಕರಣೆಯಲ್ಲೇ ನಮ್ಮ ಘನತೆ ಇದ್ದಿತು. ಎತ್ತುವುದರಲ್ಲಿ ಸೌಂದರ್ಯ ಕಾಣಿಸುವ ಈ ಪುಸ್ತಕವನ್ನು ಆ ಮಕ್ಕಳ ಕೈಗೆ ಕೊಡುವಾಗ ನಾವು ಎಚ್ಚರದಿಂದ ಇರಬೇಕು. ಕಸುಬಿಗೆ ಗೌರವ ಬಂತೆಂದು ಖುಷಿಪಡುವುದು ಸುಲಭ, ಆ ಗೌರವದ ಹೆಸರಲ್ಲೇ ಕಸುಬನ್ನು ಮತ್ತೆ ಕೊರಳಿಗೆ ಕಟ್ಟುವುದೂ ಅಷ್ಟೇ ಸುಲಭ.

ಎರಡನೆಯದು, ಆ ಊರಿನ ಜನರ ಹೆದರಿಕೆ ಬರೀ ಗುಸುಗುಸುವಾಗಿ ನಿಲ್ಲುತ್ತದೆ. ನಮ್ಮಲ್ಲಿ ಅದು ಗುಸುಗುಸುವಾಗಿ ನಿಲ್ಲುವುದಿಲ್ಲ. ಮಾಟಗಾತಿ ಎಂದು ಹೆಣ್ಣನ್ನು ಹಿಂಸಿಸುವುದರ ವಿರುದ್ಧ ಬಿಹಾರ 1999ರಲ್ಲೇ ಕಾನೂನು ಮಾಡಬೇಕಾಯಿತು. ಪರಿಶಿಷ್ಟ ಜಾತಿ, ಪಂಗಡಗಳ ದೌರ್ಜನ್ಯ ತಡೆ ಕಾಯ್ದೆಗೆ 2015ರಲ್ಲಿ ತಿದ್ದುಪಡಿ ತಂದಾಗ, ಮಾಟ ಮಾಡುತ್ತಾರೆ, ಮಾಟಗಾತಿ ಎಂಬ ಆರೋಪ ಹೊರಿಸಿ ದೈಹಿಕ ಅಥವಾ ಮಾನಸಿಕ ಹಿಂಸೆ ಕೊಡುವುದನ್ನೂ ಅಪರಾಧಗಳ ಪಟ್ಟಿಗೆ ಸೇರಿಸಿದರು. 2016ರ ಜನವರಿ 26ರಿಂದ ಅದು ಜಾರಿಯಲ್ಲಿದೆ. ಮಾಟಗಾತಿ ಎಂಬ ಪದ ದೌರ್ಜನ್ಯ ತಡೆ ಕಾಯ್ದೆಯೊಳಗೆ ಯಾಕೆ ಬಂತು ಎಂದು ನಮ್ಮ ವಿಮರ್ಶಕರು ಒಂದು ಗಳಿಗೆ ಯೋಚಿಸಬೇಕು. ಆ ಪದ ಬೀಳುವುದು ಯಾರ ಮೇಲೆ ಎಂಬುದು ಕಾನೂನು ಬರೆದವರಿಗೂ ತಿಳಿದಿತ್ತು. ಕರ್ನಾಟಕವೂ ಅಮಾನವೀಯ ದುಷ್ಟ ಪದ್ಧತಿ ಹಾಗೂ ವಾಮಾಚಾರದ ವಿರುದ್ಧ 2017ರಲ್ಲಿ ಕಾನೂನು ಮಾಡಿ 2020ರಲ್ಲಿ ಜಾರಿಗೆ ತಂದಿತು. ಕಾನೂನು ಮಾಟ ಮಾಡುವವರನ್ನು ಹಿಡಿಯುತ್ತದೆ, ಸರಿ. 'ಮಾತು ಹುಟ್ಟಿಸುವವರನ್ನು' ಹಿಡಿಯುವುದು ಕಷ್ಟ. ನಮ್ಮ ಅಜ್ಜಿಯ ಮೂರು ದಿನಕ್ಕೆ ಯಾವ ಕಲಮೂ ಇರಲಿಲ್ಲ.

ಸ್ನ್ಯಾಪ್‌ಳ ಮನೆಯವರು ಕಪ್ಪುಜನ, ಜ್ಯಾಕ್ಸ್ ಬಿಳಿಯಳು. ಇದು ಚಿತ್ರದಲ್ಲಿ ಕಣ್ಣಿಗೆ ಹೊಡೆದು ಕಾಣುತ್ತದೆ, ಮಾತಿನಲ್ಲಿ ಹೆಚ್ಚು ಬರುವುದಿಲ್ಲ. ಮೂಳೆಯ ಕೆಲಸವನ್ನು ಬಿಳಿಯ ಮುದುಕಿಯ ಬದಲು ಕಪ್ಪು ಅಜ್ಜಿ ಮಾಡುತ್ತಿದ್ದರೆ ಆ ಊರು ಇಷ್ಟು ಸುಮ್ಮನೆ ಇರುತ್ತಿತ್ತೇ? ಪುಸ್ತಕ ಈ ಪ್ರಶ್ನೆಯ ಹತ್ತಿರ ಬಂದು ಪಕ್ಕಕ್ಕೆ ಸರಿದುಹೋಗುತ್ತದೆ.

ಐದು

ಹಾಗಾದರೆ ನಮ್ಮ ಮಕ್ಕಳಿಗೆ ಯಾವ ಚಿತ್ರ? 2011ರಲ್ಲಿ ನವಯಾನ ಪ್ರಕಾಶನ 'ಭೀಮಾಯಣ' ತಂದಿತು. ಕಥನ ಶ್ರೀವಿದ್ಯಾ ನಟರಾಜನ್ ಮತ್ತು ಎಸ್. ಆನಂದ್ ಅವರದ್ದು, ಚಿತ್ರ ಪರ್ಧಾನ್ ಗೊಂಡ ಕಲಾವಿದರಾದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ಅವರದ್ದು. ಕಾಮಿಕ್ಸು ಅಂದರೆ ಚೌಕಗಳು ಎಂಬ ಕಟ್ಟಳೆಯನ್ನು ಆ ದಂಪತಿ ಒಪ್ಪಲಿಲ್ಲ. ಪಾತ್ರಗಳನ್ನು ಡಬ್ಬಿಯೊಳಗೆ ತುಂಬಲಾರೆವು ಎಂದು, ತಮ್ಮ ಮನೆಯ ಗೋಡೆನೆಲದ ಮೇಲೆ ಬರೆಯುವ ದಿಗ್ನಾ ವಿನ್ಯಾಸವನ್ನೇ ಪುಟದ ತುಂಬ ಹರಿಯಬಿಟ್ಟರು. ಮೃದುವಾಗಿ ಮಾತಾಡುವವರ ಮಾತಿನ ಗುಳ್ಳೆ ಹಕ್ಕಿಯ ಆಕಾರದ್ದು, ಜಾತಿಯ ನಂಜು ಕಾರುವವರದ್ದು ಚೇಳಿನ ಕೊಂಡಿಯದ್ದು. ಊರು-ಕೇರಿ ಎಂದು ಗೆರೆ ಎಳೆದ ಸಮಾಜವನ್ನು ಗೆರೆಯಿಲ್ಲದ ಪುಟದಲ್ಲಿ ಬಿಡಿಸುವುದು ಬರೀ ಶೈಲಿಯ ಮಾತಲ್ಲ, ಅದೊಂದು ರಾಜಕೀಯ ನಿಲುವು. ನಮ್ಮ ಹುಡುಗಿಯ ಅಪ್ಪನಿಗೆ ಅನ್ನುವ ಆ 'ಬೇರೆ ಏನೋ' ಇದೆಯಲ್ಲ, ಅದಕ್ಕೆ ಚೇಳಿನ ಕೊಂಡಿಯೇ ಸರಿ.

ಇದು ನಮಗೆ ಹೊಸದೂ ಅಲ್ಲ. ದೇವನೂರರ 'ಒಡಲಾಳ'ದಲ್ಲಿ ಪುಟ್ಟಗೌರಿ ಗೋಡೆಯ ಮೇಲೆ ನವಿಲು ಬರೆಯುತ್ತಾಳೆ. ಹಸಿವಿನ ಮನೆ, ಪೊಲೀಸರು ನುಗ್ಗುವ ಮನೆ, ಅಲ್ಲೊಂದು ನವಿಲು. ದಲಿತ ಸಾಹಿತ್ಯದಲ್ಲಿ ಸಿಟ್ಟು ಎಲ್ಲಿದೆ, ನೋವು ಎಲ್ಲಿದೆ ಎಂದು ಹುಡುಕುವುದರಲ್ಲಿ ನಾವು ಆ ನವಿಲನ್ನು ಎಷ್ಟು ಹೊತ್ತು ನೋಡಿದ್ದೇವೆ? ಮಕ್ಕಳ ಪುಸ್ತಕಗಳ ಬಗ್ಗೆ ದಲಿತ ವಿಮರ್ಶೆ ಮಾತಾಡುವುದು ಕಡಿಮೆ. ಅದು ಸಣ್ಣ ವಿಷಯ ಎಂಬ ಧೋರಣೆ ನಮ್ಮಲ್ಲೂ ಇದೆ. ಆದರೆ ಯಾರಿಗೆ ಹೆದರಬೇಕು, ಯಾರನ್ನು ಮುಟ್ಟಬಾರದು ಎಂಬುದನ್ನು ಮಗು ಕಲಿಯುವುದು ಅಕ್ಷರಕ್ಕಿಂತ ಮೊದಲು, ಚಿತ್ರದಲ್ಲಿ. ಅಲ್ಲಿ ಕಲಿತದ್ದನ್ನು ಆಮೇಲೆ ಎಷ್ಟು ಪ್ರಬಂಧ ಬರೆದರೂ ಅಳಿಸುವುದು ಕಷ್ಟ.

ಗೆಳೆಯರ ಪ್ರಶ್ನೆಗೆ ನನ್ನ ಉತ್ತರ ಇಷ್ಟೆ. ದೆವ್ವವನ್ನು ನಂಬಿ ಎಂದು ನಾನು ಮಕ್ಕಳಿಗೆ ಹೇಳುತ್ತಿಲ್ಲ. ದೆವ್ವ ಎಂದು ಯಾರನ್ನು ಕರೆದರು, ಯಾಕೆ ಕರೆದರು ಎಂದು ಕೇಳಲು ಹೇಳಿಕೊಡುತ್ತಿದ್ದೇನೆ. ಅದೂ ಒಂದು ವಿಜ್ಞಾನವೇ. ಗೆಳೆಯರು ಪೂರ್ತಿ ಒಪ್ಪಲಿಲ್ಲ, ಮುಂದಿನ ಭಾನುವಾರ ಒಂದು ಭೂತಗನ್ನಡಿ ತಂದರು. ಈಗ ಮಕ್ಕಳು ಕೆರೆಯ ದಡದಲ್ಲಿ ಬಿದ್ದ ಹಕ್ಕಿಯ ಮೂಳೆಯೊಂದನ್ನು ಇಟ್ಟುಕೊಂಡು ನೋಡುತ್ತಿದ್ದಾರೆ. ಅದು ಟೊಳ್ಳಾಗಿದೆ, ಅದಕ್ಕೇ ಹಕ್ಕಿ ಹಗುರ ಎಂದು ಗೆಳೆಯರು ವಿವರಿಸಿದರು. ಒಂದು ಹುಡುಗ ಅದನ್ನು ಮುಟ್ಟಲಿಲ್ಲ. ಅವನಿಗೆ ನಾವು ಒತ್ತಾಯ ಮಾಡಲಿಲ್ಲ.

ಆ ಹುಡುಗಿ ಪುಸ್ತಕವನ್ನು ಮನೆಗೆ ಒಯ್ದಿದ್ದಳು. ವಾಪಸು ತಂದಾಗ ಹಿಂದಿನ ಖಾಲಿ ಹಾಳೆಯಲ್ಲಿ ಪೆನ್ಸಿಲಿನಿಂದ ಒಂದು ಚಿತ್ರ ಬರೆದಿದ್ದಳು. ಕಸದ ಆಟೋ, ಪಕ್ಕದಲ್ಲಿ ಅವಳಪ್ಪ, ಕೈಯಲ್ಲಿ ಏನೂ ಇಲ್ಲ. ನಾಯಿ ಬದುಕಿದೆ, ಅವನ ಹಿಂದೆ ನಡೆಯುತ್ತಿದೆ. ಅಪ್ಪನ ಬಾಯಿಯ ಹತ್ತಿರ ಒಂದು ಮಾತಿನ ಗುಳ್ಳೆ, ಒಳಗೆ ಖಾಲಿ.

"ಏನು ಹೇಳ್ತಾ ಇದಾನಮ್ಮ ನಿಮ್ಮಪ್ಪ?" ಅಂದೆ.

"ಗೊತ್ತಿಲ್ಲಣ್ಣ. ಕೇಳಿಕೊಂಡು ಬಂದು ಬರೀತೀನಿ. ಅವನು ಡ್ಯೂಟಿ ಮುಗಿಸಿ ಬರೋದು ಮಧ್ಯಾಹ್ನ ಆಗುತ್ತೆ."